ಡಿಗಾಕ್ಸಿನ್ ಕೊಡುವ ಮುನ್ನ ನಾಡಿ ಹಿಡಿದು ನೋಡಿ

ಅಪ್ಪನ ಮಾತ್ರೆ ಡಬ್ಬಿಯಲ್ಲಿ ಏಳು ಬಗೆಯ ಮಾತ್ರೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಡಿಗಾಕ್ಸಿನ್. ಅಂಗಿ ಗುಂಡಿಯ ಅರ್ಧದಷ್ಟೂ ಇಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಅದನ್ನು ನಾನೇ ಅವರ ಅಂಗೈಗೆ ಹಾಕುತ್ತೇನೆ. ಮೊದಲ ಎರಡು ವರ್ಷ ಉಳಿದ ಮಾತ್ರೆಗಳ ಜೊತೆ ಇದನ್ನೂ ಒಟ್ಟಿಗೆ ಸುರಿದು ಕೊಟ್ಟುಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಮೊದಲು ನಾಡಿ ಎಣಿಸುತ್ತೇನೆ, ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ, ಆಮೇಲೆ ಕೊಡುತ್ತೇನೆ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಹೃದಯದ ಬಲ ಕುಗ್ಗಿ, ಬಡಿತದ ತಾಳವೂ ತಪ್ಪಿರುವ ಅಪ್ಪನನ್ನು ಮನೆಯಲ್ಲಿ ನೋಡಿಕೊಳ್ಳುವ ಮಗಳು. ನಿಮ್ಮ ಮನೆಯಲ್ಲೂ ಯಾರಿಗಾದರೂ ಡಿಗಾಕ್ಸಿನ್ ಬರೆದುಕೊಟ್ಟಿದ್ದರೆ, ಅಥವಾ ನೀವೇ ತೆಗೆದುಕೊಳ್ಳುತ್ತಿದ್ದರೆ, ಇದನ್ನು ಓದಿ. ಇಲ್ಲಿರುವ ಯಾವುದೂ ನಿಮ್ಮ ಡಾಕ್ಟರ ಮಾತಿಗೆ ಬದಲಲ್ಲ. ಅವರನ್ನು ಏನು ಕೇಳಬೇಕು, ಮನೆಯಲ್ಲಿ ಏನು ಗಮನಿಸಬೇಕು ಅನ್ನುವುದಷ್ಟೇ ನಾನು ಹೇಳಬಲ್ಲೆ.

ಈ ಮಾತ್ರೆ ಯಾಕೆ ಬೇರೆ

ಡಿಗಾಕ್ಸಿನ್ ಬರುವುದು ಡಿಜಿಟಾಲಿಸ್ ಎಂಬ ಗಿಡದಿಂದ. ಗಂಟೆಯಾಕಾರದ ಹೂ ಬಿಡುವ, ನೋಡಲು ಚೆಂದದ ಗಿಡ. ಎಲೆಯಿಂದ ಬೀಜದವರೆಗೆ ವಿಷ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅದರ ಎಲೆಯನ್ನು ಮೈಯಲ್ಲಿ ನೀರು ತುಂಬಿ ಊದಿಕೊಂಡ ರೋಗಿಗಳಿಗೆ ವರ್ಷಗಟ್ಟಲೆ ಕೊಟ್ಟು, ಗುಣವನ್ನೂ ದೋಷವನ್ನೂ 1785ರಲ್ಲಿ ಬರೆದು ಪ್ರಕಟಿಸಿದ. ಹೆಚ್ಚಾದರೆ ವಾಂತಿ, ತಲೆಸುತ್ತು, ವಸ್ತುಗಳು ಹಸಿರಾಗಿಯೋ ಹಳದಿಯಾಗಿಯೋ ಕಾಣುವುದು, ನಾಡಿ ನಿಮಿಷಕ್ಕೆ 35ರವರೆಗೆ ಇಳಿಯುವುದು, ಕೊನೆಗೆ ಸಾವು ಎಂದು ಅವನು ಅಂದೇ ಎಚ್ಚರಿಸಿದ್ದ. ಅಪ್ಪನಿಗೂ ಡಿಗಾಕ್ಸಿನ್ ಒಮ್ಮೆ ಹೆಚ್ಚಾಗಿ ವಿಷವಾಯಿತು, ಅದನ್ನು ಮುಂದೆ ಹೇಳುತ್ತೇನೆ. ಆಮೇಲೆ ಇದನ್ನು ಓದಿದಾಗ ನನಗೆ ತುಂಬಾ ಹೊತ್ತು ಮಾತೇ ಹೊರಡಲಿಲ್ಲ. ಇನ್ನೂರು ವರ್ಷಕ್ಕೂ ಹಿಂದೆ ಬರೆದಿಟ್ಟ ಲಕ್ಷಣ ನನ್ನ ಕಣ್ಣೆದುರೇ ಇತ್ತು, ನಾನು ಗುರುತಿಸಲಿಲ್ಲ.

ಮಾತ್ರೆಯ ಕೆಲಸ ಎರಡು. ಸೋತ ಹೃದಯದ ಹಿಂಡುವ ಶಕ್ತಿಗೆ ಸ್ವಲ್ಪ ಬಲ ಕೊಡುತ್ತದೆ. ಅಡ್ಡಾದಿಡ್ಡಿ ಓಡುವ ಬಡಿತಕ್ಕೆ ಲಗಾಮು ಹಾಕುತ್ತದೆ. ತೊಂದರೆಯೆಂದರೆ, ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಜಾಗ ಬಲು ಕಿರಿದು. ಹೃದಯ ವೈಫಲ್ಯ ಇರುವವರಿಗೆ ಒಂದು ಮಿಲಿಲೀಟರ್ ರಕ್ತದಲ್ಲಿ 0.5ರಿಂದ 0.9 ನ್ಯಾನೋಗ್ರಾಂ ಇದ್ದರೆ ಸಾಕು ಅನ್ನುತ್ತಾರೆ. 2 ದಾಟಿದರೆ ಅಪಾಯದ ಗಂಟೆ. ಅದೂ ಅಲ್ಲದೆ ಇದು ಮೈಯಿಂದ ಬೇಗ ಹೋಗುವ ಔಷಧಿಯಲ್ಲ. ಕಿಡ್ನಿ ಚೆನ್ನಾಗಿದ್ದರೂ ಅರ್ಧದಷ್ಟು ಹೊರಹೋಗಲು ಒಂದೂವರೆಯಿಂದ ಎರಡು ದಿನ ಬೇಕು. ಕಿಡ್ನಿ ಸೋತಿದ್ದರೆ ಇನ್ನೂ ಹೆಚ್ಚು. ಅಂದರೆ ಇವತ್ತು ನುಂಗುವ ಮಾತ್ರೆ ನಿನ್ನೆ ಮೊನ್ನೆಯ ಉಳಿಕೆಯ ಮೇಲೆ ಹೋಗಿ ಕೂರುತ್ತದೆ.

ನಾನು ಒಂದೇ ಮಾತು ಹೇಳಿ ನಿಲ್ಲಿಸಬೇಕೆಂದಿದ್ದರೆ ಇದನ್ನು ಹೇಳುತ್ತಿದ್ದೆ: ತಿಂಗಳುಗಟ್ಟಲೆ ಸರಿಹೋಗುತ್ತಿದ್ದ ಪ್ರಮಾಣವೇ, ಮೈಯಲ್ಲೋ ಮಾತ್ರೆ ಡಬ್ಬಿಯಲ್ಲೋ ಏನೋ ಒಂದು ಬದಲಾದ ವಾರ, ಹೆಚ್ಚಾಗಿಬಿಡುತ್ತದೆ. ಹೊಸ ಮಾತ್ರೆ ಸೇರಿತೇ, ಹಳೆಯದು ನಿಂತಿತೇ, ಭೇದಿಯಾಯಿತೇ, ನೀರು ಕುಡಿಯುವುದು ಕಡಿಮೆಯಾಯಿತೇ? ಆಗ ಡಿಗಾಕ್ಸಿನ್ ನೆನಪಿಗೆ ಬರಬೇಕು.

ಸ್ಟ್ರಿಪ್ ಮೇಲಿನ ಸಂಖ್ಯೆ

ಇದೇ ಔಷಧಿ ಬೇರೆ ಬೇರೆ ಶಕ್ತಿಯಲ್ಲಿ ಸಿಗುತ್ತದೆ. 0.25 ಮಿಲಿಗ್ರಾಂ ಒಂದು, ಅದರ ಅರ್ಧ 0.125 ಒಂದು, ಅದಕ್ಕೂ ಅರ್ಧ 0.0625 ಇನ್ನೊಂದು. ಕೆಲವು ಸ್ಟ್ರಿಪ್‌ಗಳ ಮೇಲೆ ಇದನ್ನೇ 250, 125, 62.5 ಮೈಕ್ರೋಗ್ರಾಂ ಎಂದು ಮುದ್ರಿಸಿರುತ್ತಾರೆ. ಚೀಟಿಯಲ್ಲಿ ಒಂದು ರೀತಿ, ಸ್ಟ್ರಿಪ್ ಮೇಲೆ ಇನ್ನೊಂದು ರೀತಿ ಇದ್ದರೆ ಗಾಬರಿಯಾಗುವುದು ಸಹಜ. ಮಿಲಿಗ್ರಾಂ ಸಂಖ್ಯೆಯನ್ನು ಸಾವಿರದಿಂದ ಗುಣಿಸಿದರೆ ಮೈಕ್ರೋಗ್ರಾಂ ಬರುತ್ತದೆ, ಅಷ್ಟೇ ಲೆಕ್ಕ.

ಒಮ್ಮೆ ಅಪ್ಪನಿಗೆ ಬೇಕಾದ 0.125ರ ಬದಲು ಅಂಗಡಿಯಿಂದ 0.25 ಬಂತು. ಪೆಟ್ಟಿಗೆಯ ಬಣ್ಣ, ಹೆಸರು ಎಲ್ಲ ಅದೇ. ನನ್ನ ಅದೃಷ್ಟಕ್ಕೆ ಹಳೆಯ ಸ್ಟ್ರಿಪ್‌ನಲ್ಲಿ ಎರಡು ಮಾತ್ರೆ ಉಳಿದಿತ್ತು. ಪಕ್ಕದಲ್ಲಿಟ್ಟು ನೋಡಿದಾಗ ಸಂಖ್ಯೆ ಬೇರೆ. ಅಂದಿನಿಂದ ಹಳೆಯ ಸ್ಟ್ರಿಪ್‌ನ ಖಾಲಿ ಹಾಳೆಯನ್ನು ಎಸೆಯುವುದಿಲ್ಲ. ಅದನ್ನು ಅಂಗಡಿಗೆ ಕೊಂಡೊಯ್ಯುತ್ತೇನೆ, ಕೌಂಟರ್ ಬಿಡುವ ಮೊದಲೇ ಎರಡನ್ನೂ ಹೊಂದಿಸಿ ನೋಡುತ್ತೇನೆ. ಹೆಸರು, ಶಕ್ತಿ, ಅವಧಿ ಮುಗಿಯುವ ತಿಂಗಳು, ಮೂರನ್ನೂ. ಕಂಪನಿ ಬದಲಾದರೆ ಡಾಕ್ಟರಿಗೆ ತಿಳಿಸುತ್ತೇನೆ.

"ಅರ್ಧ ಮಾತ್ರೆ" ಎಂಬ ಮಾತನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ಯಾವುದರ ಅರ್ಧ? 0.25ರ ಅರ್ಧ ಕೊಡುತ್ತಿದ್ದವರಿಗೆ ಮುಂದಿನ ತಿಂಗಳು 0.125 ಸಿಕ್ಕಿ, ಅಭ್ಯಾಸದಂತೆ ಅದನ್ನೂ ಮುರಿದು ಕೊಟ್ಟರೆ ಔಷಧಿ ಅರ್ಧಕ್ಕಿಳಿಯಿತು. ತಿರುಗುಮುರುಗಾದರೆ ಎರಡು ಪಟ್ಟು. ಫೋನಿನಲ್ಲಿ ಮಾತಾಡುವಾಗಲೂ "ನೂರಾ ಇಪ್ಪತ್ತೈದು ಮೈಕ್ರೋಗ್ರಾಂ" ಎಂದೇ ಹೇಳಿ. ಕೆಲವರಿಗೆ ವಾರದಲ್ಲಿ ಒಂದೆರಡು ದಿನ ಬಿಟ್ಟು ಕೊಡಲು ಬರೆದಿರುತ್ತಾರೆ. ಹಾಗಿದ್ದರೆ ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ತಿಂಗಳಿಡೀ ಮೊದಲೇ ಗೀಟು ಹೊಡೆದಿಡಿ, ನೆನಪನ್ನು ನಂಬಬೇಡಿ.

ನಾಡಿ ಎಣಿಸುವುದು

ಇದನ್ನು ನನಗೆ ಕಲಿಸಿದ್ದು ಆಸ್ಪತ್ರೆಯ ವಾರ್ಡಿನಲ್ಲಿದ್ದ ಒಬ್ಬ ನರ್ಸ್. ಮೂರು ಸಲ ಅಪ್ಪನ ಕೈಯ ಮೇಲೆ, ಮೂರು ಸಲ ತಮ್ಮ ಕೈಯ ಮೇಲೆ ಎಣಿಸಿಸಿ, ಅವರ ಲೆಕ್ಕಕ್ಕೆ ನನ್ನ ಲೆಕ್ಕ ಹೊಂದುವವರೆಗೂ ಬಿಡಲಿಲ್ಲ. ಅವರ ಋಣ ದೊಡ್ಡದು.

ಅಪ್ಪ ಎದ್ದು ಓಡಾಡಿ ಬಂದ ತಕ್ಷಣ ಎಣಿಸಬಾರದು. ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ. ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಇಡಲಿ. ಹೆಬ್ಬೆರಳಿನ ಬುಡದಿಂದ ನೇರ ಕೆಳಗೆ ಬಂದರೆ ಮಣಿಕಟ್ಟಿನ ಮಡಿಕೆ ಸಿಗುತ್ತದೆ. ಅದರಿಂದ ಎರಡು ಬೆರಳು ಕೆಳಗೆ, ಹೊರಗಿನ ಎಲುಬಿಗೆ ಒತ್ತಿಕೊಂಡ ಹಾಗೆ ಒಂದು ಸಣ್ಣ ತಗ್ಗು ಇದೆ. ಅಲ್ಲಿ ನಿಮ್ಮ ತೋರುಬೆರಳು, ಮಧ್ಯದ ಬೆರಳನ್ನು ಹಗುರವಾಗಿ ಇಡಿ. ಹೆಬ್ಬೆರಳು ಬೇಡ, ಅದರೊಳಗೆ ನಿಮ್ಮದೇ ನಾಡಿ ಬಡಿಯುತ್ತಿರುತ್ತದೆ, ಎಣಿಸಿದ್ದು ಯಾರದ್ದೆಂದು ತಿಳಿಯುವುದಿಲ್ಲ. ಸಿಗಲಿಲ್ಲವೆಂದು ಗಟ್ಟಿಯಾಗಿ ಒತ್ತಿದರೆ ನಾಡಿ ಬೆರಳಿನಡಿ ಮಾಯವಾಗುತ್ತದೆ. ಮೊದಲ ದಿನಗಳಲ್ಲಿ ನಾನು ಮಾಡುತ್ತಿದ್ದದ್ದೇ ಅದು. ಒತ್ತಡ ಕಡಿಮೆ ಮಾಡಿದ ಕ್ಷಣ ಚರ್ಮದಡಿಯಿಂದ ಏನೋ ತಳ್ಳಿದ ಹಾಗೆ ಅದು ಮೇಲೆದ್ದು ಬರುತ್ತದೆ.

ಸೆಕೆಂಡ್ ಮುಳ್ಳಿರುವ ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ 60 ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ಸರಿಯಿದ್ದವರಿಗೆ ಸರಿ. ಅಪ್ಪನ ನಾಡಿ ಎರಡು ಸಲ ಬೇಗ ಬಡಿದು, ಒಂದು ಉಸಿರಿನಷ್ಟು ತಡೆದು, ಮತ್ತೆ ಮೂರು ಸಲ ಬಡಿಯುತ್ತದೆ. ಯಾವ ಹದಿನೈದು ಸೆಕೆಂಡ್ ಹಿಡಿದಿರಿ ಎನ್ನುವುದರ ಮೇಲೆ 56 ಕೂಡ ಬರಬಹುದು, 80 ಕೂಡ ಬರಬಹುದು. ಬೆರಳಿಗೆ ಸಿಕ್ಕಿಸುವ ಯಂತ್ರದ ಅಂಕಿಯೂ ಇಂಥ ನಾಡಿಯಲ್ಲಿ ಕುಣಿಯುತ್ತಿರುತ್ತದೆ. ಅದೊಂದನ್ನೇ ನೆಚ್ಚಿಕೊಂಡು ನಾನು ಎಡವಿದ್ದು ಮುಂದೆ ಹೇಳುತ್ತೇನೆ.

ಎಣಿಕೆ 60ಕ್ಕಿಂತ ಕಡಿಮೆ ಬಂದರೆ ಆ ದಿನದ ಮಾತ್ರೆ ಕೊಡದೆ ಡಾಕ್ಟರಿಗೆ ಫೋನ್ ಮಾಡಬೇಕು ಎಂಬುದು ದೊಡ್ಡವರ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ಮಾತು. ಆದರೆ ಎಲ್ಲರಿಗೂ ಅದೇ ಗಡಿಯಲ್ಲ. ಪೇಸ್‌ಮೇಕರ್ ಇದ್ದವರಿಗೆ, ಮೊದಲಿನಿಂದಲೂ ನಿಧಾನ ನಾಡಿಯವರಿಗೆ ಬೇರೆ ಅಂಕಿ ಕೊಟ್ಟಿರಬಹುದು. "ನಮ್ಮ ತಂದೆಗೆ ಎಷ್ಟಕ್ಕಿಂತ ಕಡಿಮೆಯಾದರೆ ನಿಲ್ಲಿಸಿ ಫೋನ್ ಮಾಡಲಿ, ಎಷ್ಟಕ್ಕಿಂತ ಜಾಸ್ತಿಯಾದರೆ ಫೋನ್ ಮಾಡಲಿ?" ಎಂದು ಕೇಳಿ, ಎರಡೂ ಅಂಕಿಯನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ನಾನು ಕಡಿಮೆ ಕಂಡರೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಎಣಿಸುತ್ತೇನೆ. ಆಗಲೂ ಕಡಿಮೆಯಿದ್ದರೆ ಮಾತ್ರೆ ಡಬ್ಬಿಗೆ ವಾಪಸು, ಕೈ ಫೋನಿಗೆ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ತೊಂದರೆ, ಇರುವವರ ನಾಡಿ ತಾಳ ತಪ್ಪಿಯೇ ಇರುತ್ತದೆ. ಅವರ ಮಟ್ಟಿಗೆ ಅದೇ ಸಹಜ. ಅಂಥವರ ನಾಡಿ ಒಂದು ದಿನ ಇದ್ದಕ್ಕಿದ್ದಂತೆ ಗಡಿಯಾರದ ಹಾಗೆ ನಿಧಾನವಾಗಿ, ಸಮನಾಗಿ ಬಡಿಯತೊಡಗಿದರೆ "ಸರಿಹೋಯಿತು" ಎಂದು ಸಂತೋಷಪಡುವಂತಿಲ್ಲ. ಡಿಗಾಕ್ಸಿನ್ ಹೆಚ್ಚಾಗಿ ಮೇಲಿನ ಕೋಣೆಯ ಸಂದೇಶ ಕೆಳಗಿನ ಕೋಣೆಗೆ ತಲುಪದೆ, ಹೃದಯ ತನ್ನ ಕೊನೆಯ ಆಸರೆಯ ಬಡಿತದಲ್ಲಿ ನಡೆಯುತ್ತಿರಬಹುದು. ತಕ್ಷಣ ಇಸಿಜಿ ಆಗಬೇಕು. ಆದ್ದರಿಂದ ನೋಟ್‌ಬುಕ್‌ನಲ್ಲಿ ಬರೀ ಅಂಕಿ ಬರೆದರೆ ಸಾಲದು. "ತಾಳ ತಪ್ಪಿದೆ" ಅಥವಾ "ಸಮ" ಎಂದೂ ಬರೆಯಿರಿ.

ಆ ಒಂಬತ್ತು ದಿನ

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಕೆಮ್ಮು, ಕಫ. ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿದಾಗ ನಾನು "ಬಿಪಿಗೂ ಹೃದಯಕ್ಕೂ ಇದೆ ಸಾರ್" ಎಂದೆ. ಹೆಸರು ಹೇಳಲಿಲ್ಲ. ಪಟ್ಟಿ ಮನೆಯಲ್ಲಿತ್ತು. ಅವರು ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟರು.

ಮೂರನೆಯ ದಿನಕ್ಕೆ ಭೇದಿ ಶುರುವಾಯಿತು. ಆಂಟಿಬಯೋಟಿಕ್‌ನಿಂದ ಹಾಗಾಗುತ್ತದೆ ಎಂದು ಸುಮ್ಮನಾದೆವು. ಕಾಲೂತಕ್ಕೆ ಕೊಡುವ ಫ್ಯುರೊಸೆಮೈಡ್, ಅಂದರೆ ಮೂತ್ರದ ಮಾತ್ರೆ, ಎಂದಿನಂತೆ ನಡೆಯುತ್ತಲೇ ಇತ್ತು. ಐದನೆಯ ದಿನ ಅಪ್ಪ ತಟ್ಟೆ ಸರಿಸಿ, "ಏನೂ ಸೇರಲ್ಲ ಕಣಮ್ಮ, ನೋಡಿದರೇ ಹೊಟ್ಟೆ ತೊಳೆಸುತ್ತೆ" ಅಂದರು. ಆರು, ಏಳು, ಎಂಟು ಹಾಗೇ ಕಳೆಯಿತು. ಹೆಚ್ಚು ಹೊತ್ತು ಮಲಗಿರುತ್ತಿದ್ದರು. ಕರೆದರೆ ತಡವಾಗಿ ಓಗೊಡುತ್ತಿದ್ದರು. ಬೆರಳಿನ ಯಂತ್ರ ಒಮ್ಮೆ 48, ಒಮ್ಮೆ 71 ತೋರಿಸಿತು. ನಾನು ಬೇಕಾದ ಅಂಕಿಯನ್ನು ನಂಬಿಕೊಂಡೆ. ಮನೆಗೆ ಬಂದವರೆಲ್ಲ "ವಯಸ್ಸಾಯ್ತಲ್ಲ" ಅಂದರು. ನಾನೂ ತಲೆಯಾಡಿಸಿದೆ.

ಒಂಬತ್ತನೆಯ ದಿನ ಸಂಜೆ ದೀಪ ಹಾಕಿದಾಗ ಅಪ್ಪ ಗೋಡೆ ನೋಡುತ್ತಾ ಕೇಳಿದರು: "ಈ ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದು ಯಾವಾಗ?" ನಮ್ಮ ಗೋಡೆ ಅಚ್ಚ ಬಿಳಿ. ಬಲ್ಬಿನ ಸುತ್ತ ಬಳೆಯ ಹಾಗೆ ಬೆಳಕು ಕಾಣುತ್ತದೆ ಎಂದೂ ಅಂದರು. ಅಂದು ರಾತ್ರಿ ಎಮರ್ಜೆನ್ಸಿಯಲ್ಲಿ ನಾಡಿ 44. ಪೊಟ್ಯಾಶಿಯಂ 2.9, ಕನಿಷ್ಠ 3.5 ಇರಬೇಕಿತ್ತು. ರಕ್ತದಲ್ಲಿ ಡಿಗಾಕ್ಸಿನ್ 2.8. ಮಾತ್ರೆ ನಿಲ್ಲಿಸಿ, ಮಾನಿಟರಿಗೆ ಜೋಡಿಸಿ, ಡ್ರಿಪ್‌ನಲ್ಲಿ ನಿಧಾನವಾಗಿ ಪೊಟ್ಯಾಶಿಯಂ ಕೊಟ್ಟರು. ಇನ್ನೂ ಕೈಮೀರಿದವರಿಗೆ ಡಿಗಾಕ್ಸಿನ್ ಅನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯದ ಇಂಜೆಕ್ಷನ್ ಇದೆಯಂತೆ. ಅಪ್ಪನಿಗೆ ಅದು ಬೇಕಾಗಲಿಲ್ಲ. ನಾಲ್ಕು ದಿನದ ಮೇಲೆ ಗೋಡೆ ಬೆಳ್ಳಗಾಯಿತು.

ಒಂದೇ ಒಂದು ಮಾತ್ರೆಯೂ ಹೆಚ್ಚಿಗೆ ಕೊಟ್ಟಿರಲಿಲ್ಲ. ಹಾಗಾದರೆ ಆದದ್ದೇನು? ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದರು. ಕ್ಲಾರಿತ್ರೋಮೈಸಿನ್ ಡಿಗಾಕ್ಸಿನ್ ಅನ್ನು ಮೈಯಿಂದ ಹೊರದೂಡುವ ವ್ಯವಸ್ಥೆಗೆ ಅಡ್ಡ ನಿಂತಿತು. ಕೆಲವರ ಕರುಳಿನಲ್ಲಿ ಡಿಗಾಕ್ಸಿನ್‌ನ ಒಂದು ಪಾಲನ್ನು ನಿಷ್ಕ್ರಿಯ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಆಂಟಿಬಯೋಟಿಕ್ ಅವನ್ನೂ ಕೊಲ್ಲಬಹುದು. ಭೇದಿಯಿಂದ ಮೈ ಒಣಗಿ ಕಿಡ್ನಿಯ ಕೆಲಸ ಕುಂದಿತು. ಭೇದಿ, ಮೂತ್ರದ ಮಾತ್ರೆ ಎರಡೂ ಸೇರಿ ಪೊಟ್ಯಾಶಿಯಂ ಬಸಿದು ಹೋಯಿತು. ಹೃದಯದ ಜೀವಕೋಶದಲ್ಲಿ ಡಿಗಾಕ್ಸಿನ್ ಹೋಗಿ ಕೂರುವ ಜಾಗಕ್ಕೆ ಪೊಟ್ಯಾಶಿಯಂ ಪೈಪೋಟಿ ಕೊಡುತ್ತದಂತೆ. ಅದು ಕಡಿಮೆಯಾದರೆ ಡಿಗಾಕ್ಸಿನ್‌ಗೆ ತಡೆಯುವವರಿಲ್ಲ. ಹಾಗಾಗಿಯೇ ಪೊಟ್ಯಾಶಿಯಂ ಇಳಿದಿದ್ದರೆ ರಕ್ತದ ಡಿಗಾಕ್ಸಿನ್ ಅಂಕಿ ಸರಿಯಾಗಿ ಕಂಡರೂ ವಿಷದ ಲಕ್ಷಣ ಬರಬಹುದು.

ಇದರಿಂದ ನಾನು ಕಲಿತದ್ದನ್ನು ನೀವು ಆಸ್ಪತ್ರೆಗೆ ಹೋಗದೆಯೇ ಕಲಿಯಿರಿ. ವಯಸ್ಸಾದವರಲ್ಲಿ ಡಿಗಾಕ್ಸಿನ್ ಹೆಚ್ಚಾದಾಗ ಮೊದಲು ಕಾಣುವುದು ಊಟ ಸೇರದಿರುವುದು, ವಾಕರಿಕೆ, ಮಂಕು, ಗೊಂದಲದ ಮಾತು. ಹಳದಿ-ಹಸಿರು ಕಾಣುವುದು ಎಲ್ಲರಿಗೂ ಆಗುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಎರಡು ಹೊತ್ತು ಸತತವಾಗಿ ಊಟ ಬಿಟ್ಟರೆ ನಾನೀಗ ನಾಡಿ ಎಣಿಸಿ ಡಾಕ್ಟರಿಗೆ ಹೇಳುತ್ತೇನೆ. ತಲೆಸುತ್ತಿ ಬಿದ್ದರೆ, ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ಏದುಸಿರು ಹೆಚ್ಚಾದರೆ, ಎದೆ ವಿಪರೀತ ಡವಗುಟ್ಟಿದರೆ ಫೋನಿನಲ್ಲಿ ಹೊತ್ತು ಕಳೆಯದೆ ಆಂಬುಲೆನ್ಸ್ ಕರೆಯಿರಿ.

ಚೆನ್ನಾಗಿರುವ ದಿನವೇ ಡಾಕ್ಟರ ಬಳಿ ಇನ್ನೊಂದು ಪ್ರಶ್ನೆ ಕೇಳಿಟ್ಟುಕೊಳ್ಳಿ: "ವಾಂತಿ-ಭೇದಿ ಆದ ದಿನ ಯಾವ ಮಾತ್ರೆ ಕೊಡಲಿ, ಯಾವುದನ್ನು ತಡೆಯಲಿ?" ಮೂತ್ರದ ಮಾತ್ರೆ, ಬಿಪಿ ಮಾತ್ರೆ, ಡಿಗಾಕ್ಸಿನ್ ಮೂರಕ್ಕೂ ಬೇರೆ ಬೇರೆ ಉತ್ತರ ಇರುತ್ತದೆ, ಅದು ರೋಗಿಯಿಂದ ರೋಗಿಗೆ ಬದಲಾಗುತ್ತದೆ. ನೀವೇ ಊಹಿಸಬೇಡಿ.

ಜೊತೆಗೆ ಹೋಗದ ಮಾತ್ರೆಗಳು

ಹೊಸ ಔಷಧಿ ಯಾವುದೇ ಇರಲಿ, ಹಲ್ಲಿನ ಡಾಕ್ಟರು ಕೊಟ್ಟಿದ್ದಾದರೂ ಸರಿ, "ಇವರು ಡಿಗಾಕ್ಸಿನ್ ತೆಗೆದುಕೊಳ್ಳುತ್ತಾರೆ" ಎಂಬ ವಾಕ್ಯ ಮೊದಲು ನಿಮ್ಮ ಬಾಯಿಂದ ಬರಲಿ. "ಹೃದಯದ ಮಾತ್ರೆ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ರಕ್ತದಲ್ಲಿ ಡಿಗಾಕ್ಸಿನ್ ಏರಿಸುವವು ಹಲವಿವೆ. ಬಡಿತದ ತಾಳಕ್ಕೇ ಕೊಡುವ ಅಮಿಯೋಡರೋನ್, ವೆರಾಪಮಿಲ್. ಆಂಟಿಬಯೋಟಿಕ್‌ಗಳಲ್ಲಿ ಕ್ಲಾರಿತ್ರೋಮೈಸಿನ್, ಎರಿತ್ರೋಮೈಸಿನ್. ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್. ಇವನ್ನು ಕೊಡಲೇಬಾರದೆಂದಲ್ಲ. ಅಮಿಯೋಡರೋನ್ ಸೇರಿಸುವಾಗ ಡಾಕ್ಟರು ಡಿಗಾಕ್ಸಿನ್ ಅನ್ನು ಅರ್ಧಕ್ಕೆ ಇಳಿಸುವುದುಂಟು. ಇಬ್ಬರು ಡಾಕ್ಟರು ಒಬ್ಬರಿಗೊಬ್ಬರು ತಿಳಿಯದೆ ಬರೆದಾಗಲೇ ಅನಾಹುತ. ಬಿಪಿಗೂ ಹೃದಯಕ್ಕೂ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳ ಜೊತೆ ಕೊಡುವುದು ಸಾಮಾನ್ಯ, ಆದರೆ ಎರಡೂ ನಾಡಿಯನ್ನು ಇಳಿಸುವಂಥವು. ಅದರ ಪ್ರಮಾಣ ಏರಿಸಿದ ವಾರ ನಾಡಿ ಎಣಿಕೆಯಲ್ಲಿ ಚುರುಕಾಗಿರಿ.

ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಗಳ ಬಗ್ಗೆ ನನಗೆ ಹೆಚ್ಚು ಭಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಕಿಡ್ನಿಗೆ ಹೊರೆ, ಮೈಯಲ್ಲಿ ನೀರನ್ನೂ ಹಿಡಿದಿಡುತ್ತವೆ. ಸೋತ ಹೃದಯಕ್ಕೆ ಎರಡೂ ಕೆಟ್ಟದ್ದು. ಮೊಣಕಾಲು ನೋವೆಂದು ಅಪ್ಪ ಯಾರದ್ದೋ ಮಾತು ಕೇಳಿ ಒಂದು ತರಿಸಿಕೊಳ್ಳಲು ಹೊರಟಿದ್ದರು. ನೋವಿಗೆ ಏನು ಕೊಡಬಹುದೆಂದು ಡಾಕ್ಟರನ್ನೇ ಕೇಳಿ ಬರೆಸಿಕೊಂಡೆ. ಮಲಬದ್ಧತೆಗೆಂದು ಭೇದಿ ಮಾಡಿಸುವ ಮಾತ್ರೆಯನ್ನು ದಿನಾ ತೆಗೆದುಕೊಂಡರೂ ಪೊಟ್ಯಾಶಿಯಂ ಇಳಿಯುತ್ತದೆ. ಜ್ಯೇಷ್ಠಮಧು ಗಿಡಮೂಲಿಕೆ ತಾನೇ ಎಂದು ತಿಂಗಳುಗಟ್ಟಲೆ ಸೇವಿಸಿದರೆ ಅದೂ ಪೊಟ್ಯಾಶಿಯಂ ಇಳಿಸುತ್ತದೆ.

ಅಸಿಡಿಟಿಯ ಆಂಟಾಸಿಡ್, ಮಲಬದ್ಧತೆಯ ನಾರಿನ ಪುಡಿ, ಕೊಲೆಸ್ಟ್ರಾಲಿಗೆ ಕೊಡುವ ಕೊಲೆಸ್ಟಿರಮೈನ್ ಪುಡಿ ಡಿಗಾಕ್ಸಿನ್ ಮೈಗೆ ಸೇರದಂತೆ ತಡೆಯುತ್ತವೆ. ಇವುಗಳಿಗೂ ಡಿಗಾಕ್ಸಿನ್‌ಗೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಕೊಲೆಸ್ಟಿರಮೈನ್ ಮೊದಲು ಕುಡಿದಿದ್ದರೆ ಡಿಗಾಕ್ಸಿನ್‌ಗೆ ನಾಲ್ಕರಿಂದ ಆರು ಗಂಟೆ ಕಾಯಬೇಕು. ನಿಮ್ಮ ಡಾಕ್ಟರು ಹೆಚ್ಚು ಹೇಳಿದರೆ ಅಷ್ಟು. ಥೈರಾಯ್ಡ್ ಏರುಪೇರಾದರೂ ಡಿಗಾಕ್ಸಿನ್ ಲೆಕ್ಕ ಬದಲಾಗುತ್ತದೆ.

ಪೊಟ್ಯಾಶಿಯಂ ಇಳಿದರೆ ಕೆಟ್ಟದ್ದು ಎಂದು ಓದಿ ಯಾರೂ ತಾವಾಗಿ ಪೊಟ್ಯಾಶಿಯಂ ಸಿರಪ್ ಕುಡಿಯಬೇಡಿ, ಸೋಡಿಯಂ ಕಡಿಮೆಯಿರುವ ಬದಲಿ ಉಪ್ಪನ್ನೂ ಡಾಕ್ಟರನ್ನು ಕೇಳದೆ ಬಳಸಬೇಡಿ. ಆ ಉಪ್ಪಿನಲ್ಲಿರುವುದು ಪೊಟ್ಯಾಶಿಯಂ ಕ್ಲೋರೈಡ್. ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಮೊದಲೇ ಪೊಟ್ಯಾಶಿಯಂ ಏರಿಸುವಂಥವು. ಅದು ಅತಿಯಾದರೂ ಹೃದಯ ನಿಲ್ಲಬಹುದು.

ರಕ್ತ ಪರೀಕ್ಷೆಯ ದಿನ

ಡಿಗಾಕ್ಸಿನ್ ಮಟ್ಟ ನೋಡಲು ರಕ್ತ ಕೊಡುವುದಿದ್ದರೆ, ಮಾತ್ರೆ ನುಂಗಿ ಕನಿಷ್ಠ ಆರು ಗಂಟೆಯಾಗಿರಬೇಕು. ಮೊದಲೇ ತೆಗೆದರೆ ಅಂಕಿ ಸುಳ್ಳು ಎತ್ತರ ತೋರಿಸುತ್ತದೆ, ಯಾಕೆಂದರೆ ಔಷಧಿ ಇನ್ನೂ ರಕ್ತದಲ್ಲೇ ಇರುತ್ತದೆ, ಅಂಗಾಂಶಗಳಿಗೆ ಹಂಚಿಹೋಗಿರುವುದಿಲ್ಲ. ನಾನು ಆ ದಿನ ರಕ್ತ ಕೊಡಿಸಿ ಬಂದ ಮೇಲೆಯೇ ಮಾತ್ರೆ ಕೊಡುತ್ತೇನೆ, ಹಿಂದಿನ ಮಾತ್ರೆ ಎಷ್ಟು ಗಂಟೆಗೆ ಎಂಬುದನ್ನು ಲ್ಯಾಬಿನ ಚೀಟಿಯ ಮೇಲೆ ಬರೆಸುತ್ತೇನೆ. ಪ್ರಮಾಣ ಬದಲಾಯಿಸಿದ ಮರುದಿನವೇ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಹೊಸ ಮಟ್ಟ ನೆಲೆಗೊಳ್ಳಲು ಸುಮಾರು ಒಂದು ವಾರ, ಕಿಡ್ನಿ ದುರ್ಬಲವಿದ್ದರೆ ಇನ್ನೂ ಹೆಚ್ಚು. ಜೊತೆಗೆ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಶಿಯಂ, ಮೆಗ್ನೀಷಿಯಂ ನೋಡಬೇಕೇ ಎಂದು ಕೇಳಿ.

ಮರೆತರೆ, ಎರಡು ಸಲ ಕೊಟ್ಟರೆ

ದಿನಕ್ಕೊಂದು ಮಾತ್ರೆಯವರು ಮರೆತದ್ದು ಹನ್ನೆರಡು ಗಂಟೆಯೊಳಗೆ ನೆನಪಾದರೆ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ದಿನದ್ದು ಬಿಟ್ಟು ಮರುದಿನ ಎಂದಿನ ಹೊತ್ತಿಗೆ, ಎಂದಿನಷ್ಟೇ. ಮರೆತದ್ದಕ್ಕೆ ಪರಿಹಾರವಾಗಿ ಎರಡು ಕೊಡುವುದು ಎಂದಿಗೂ ಇಲ್ಲ. ಒಂದು ದಿನ ತಪ್ಪಿದರೆ ಹಳೆಯ ಉಳಿಕೆ ಇನ್ನೂ ಮೈಯಲ್ಲಿರುತ್ತದೆ.

ಮರೆಯುವುದಕ್ಕಿಂತ ಹೆಚ್ಚಿನ ಅಪಾಯ ಕೊಟ್ಟದ್ದನ್ನು ಮರೆಯುವುದು. ನಾನು ಕೊಟ್ಟು ಹೋದ ಮೇಲೆ ಅಣ್ಣ ಬಂದು "ಅಕ್ಕರೆಯಿಂದ" ಮತ್ತೊಮ್ಮೆ ಕೊಡುವುದು, ಅಪ್ಪನೇ ಮರೆತು ತೆಗೆದುಕೊಳ್ಳುವುದು ಎಲ್ಲ ಮನೆಯಲ್ಲೂ ಆಗಬಹುದಾದದ್ದೇ. ಆದ್ದರಿಂದ ವಾರದ ಏಳು ಮನೆಗಳಿರುವ ಡಬ್ಬಿ ಇಟ್ಟಿದ್ದೇವೆ, ಕೊಡುವವರು ಒಬ್ಬರೇ, ಕೊಟ್ಟ ತಕ್ಷಣ ನಾಡಿಯ ಅಂಕಿಯ ಪಕ್ಕ ಟಿಕ್. ಟಿಕ್ ಇದೆಯೋ ಇಲ್ಲವೋ ಅನುಮಾನವಾದರೆ ಆ ದಿನ ಕೊಡದೆ ಡಾಕ್ಟರನ್ನು ಕೇಳುತ್ತೇವೆ. ಡಬ್ಬಿಗೆ ತುಂಬಿದ ಮೇಲೂ ಸ್ಟ್ರಿಪ್ ಎಸೆಯಬೇಡಿ. ಬಿಡಿ ಮಾತ್ರೆ ನೋಡಿ ಯಾವುದೆಂದು ಹೇಳುವುದು ಆಸ್ಪತ್ರೆಯವರಿಗೂ ಕಷ್ಟ.

ಹೆಚ್ಚು ಮಾತ್ರೆ ನುಂಗಿದ್ದಾರೆ ಎಂದು ಗೊತ್ತಾದರೆ, ಚೆನ್ನಾಗಿಯೇ ಇದ್ದಾರಲ್ಲ ಎಂದು ಕಾಯಬಾರದು. ಲಕ್ಷಣ ಕಾಣಲು ಗಂಟೆಗಟ್ಟಲೆ ಹಿಡಿಯಬಹುದು. ಬಲವಂತದಿಂದ ವಾಂತಿ ಮಾಡಿಸದೆ ನೇರ ಎಮರ್ಜೆನ್ಸಿಗೆ, ಸ್ಟ್ರಿಪ್ ಸಮೇತ. ಮಗು ನುಂಗಿದ್ದರೆ ಒಂದೇ ಮಾತ್ರೆಯಾದರೂ ಹೋಗಲೇಬೇಕು. ರಜೆಗೆ ಮೊಮ್ಮಕ್ಕಳು ಬಂದಾಗ ನಮ್ಮ ಡಬ್ಬಿ ಬೀರುವಿನ ಮೇಲಿನ ಅರೆಗೆ ಹೋಗುತ್ತದೆ, ಬೀಗದ ಕೈ ನನ್ನ ಬಳಿ. ಬಚ್ಚಲುಮನೆಯ ಹಸಿ, ಅಡುಗೆಮನೆಯ ಬಿಸಿ ಮಾತ್ರೆಗೆ ಆಗದು.

ತಾವಾಗಿ ನಿಲ್ಲಿಸುವ ಬಗ್ಗೆ

ನಾನು ಇಷ್ಟೆಲ್ಲ ಹೆದರಿಸಿದ್ದನ್ನು ಓದಿ ಯಾರಾದರೂ ನಾಳೆಯಿಂದ ಮಾತ್ರೆ ಬಿಟ್ಟುಬಿಟ್ಟರೆ ನನ್ನ ಬರಹ ಕೆಡುಕು ಮಾಡಿದ ಹಾಗೆ. 1997ರಲ್ಲಿ ಪ್ರಕಟವಾದ, ಹೃದಯ ವೈಫಲ್ಯದ 6,800 ರೋಗಿಗಳ ಅಧ್ಯಯನದಲ್ಲಿ ಡಿಗಾಕ್ಸಿನ್ ಆಯುಷ್ಯ ಹೆಚ್ಚಿಸಲಿಲ್ಲ, ಆದರೆ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಉಸಿರಾಟ, ಕಾಲೂತ ಮತ್ತೆ ಹೆಚ್ಚಬಹುದು, ಬಡಿತ ಲಗಾಮು ಬಿಟ್ಟು ಓಡಬಹುದು. ಅಪ್ಪನಿಗೂ ಆಸ್ಪತ್ರೆಯಿಂದ ಬಂದ ಮೇಲೆ, ಅಂಕಿಗಳೆಲ್ಲ ಸರಿಯಾದ ಮೇಲೆ, ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡಿದರು. ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲಿ ಕೇಳುವ ಹಕ್ಕು ನಿಮಗಿದೆ, ಕೇಳಿ. ನಿರ್ಧಾರ ಅಲ್ಲೇ ಆಗಲಿ. ಜೊತೆಗೆ ಬೆಳಿಗ್ಗೆ ತೂಕ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ಡಾಕ್ಟರಿಗೆ ತಿಳಿಸಬೇಕು.

ಅಪ್ಪನ ಕನ್ನಡಕದ ಪೆಟ್ಟಿಗೆಯೊಳಗೆ ನಾಲ್ಕಾಗಿ ಮಡಿಸಿದ ಒಂದು ಹಾಳೆ ಇದೆ. ಇನ್ನೊಂದು ಪ್ರತಿ ನನ್ನ ಚೀಲದಲ್ಲಿ, ಫೋಟೋ ಅಣ್ಣನ ಫೋನಿನಲ್ಲಿ. ಏಳೂ ಮಾತ್ರೆಗಳ ಹೆಸರು, ಶಕ್ತಿ, ಕೊಡುವ ಹೊತ್ತು. ಕಳೆದ ಸಲದ ಕ್ರಿಯಾಟಿನಿನ್, ಪೊಟ್ಯಾಶಿಯಂ, ಪರೀಕ್ಷೆಯ ತಾರೀಖು. ಹೃದ್ರೋಗ ತಜ್ಞರ ಫೋನ್. ಆಪರೇಶನ್ ಮಾಡುವವರು, ಬಡಿತ ಸರಿಪಡಿಸಲು ವಿದ್ಯುತ್ ಶಾಕ್ ಕೊಡುವವರು ಯಾರೇ ಆಗಲಿ ಮೊದಲು ನೋಡಬೇಕಾದ ಸಾಲು ಮೇಲುಗಡೆ ಕೆಂಪು ಶಾಯಿಯಲ್ಲಿದೆ: "ಡಿಗಾಕ್ಸಿನ್ 125 ಮೈಕ್ರೋಗ್ರಾಂ, ಬೆಳಿಗ್ಗೆ 8. ಸಾಮಾನ್ಯ ನಾಡಿ 66ರಿಂದ 78, ತಾಳ ತಪ್ಪಿದ್ದು. ಕ್ಲಾರಿತ್ರೋಮೈಸಿನ್‌ನಿಂದ ಒಮ್ಮೆ ವಿಷವಾಗಿದೆ." ಮಾತ್ರೆ ಬದಲಾದ ದಿನವೇ ಹಳೆಯ ಹಾಳೆ ಹರಿದು ಹೊಸದು ಬರೆಯುತ್ತೇನೆ, ಮೂರೂ ಕಡೆ.